ಮೂರು ಚಕ್ರದ ಭಾಷಾ ಪಂಡಿತರಿಗೆ ಒಂದು ಅರಿಕೆ

ಮಾನ್ಯ ರೋಬೋಟ್ ಮಹಾಶಯರೇ,

ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಹದಿನೆಂಟು ವರ್ಷಗಳಿಂದ ಪರಭಾಷೆ ಕಲಿಸುತ್ತಿರುವ ಟೀಚರಮ್ಮನ ನಮಸ್ಕಾರಗಳು. ತಾವು ನೆಲದಿಂದ ಒಂದು ಗೇಣು ಎತ್ತರವಷ್ಟೇ ಇರುವುದರಿಂದ ಸಾಕಷ್ಟು ಬಗ್ಗಿಯೇ ನಮಸ್ಕರಿಸುತ್ತಿದ್ದೇನೆ. ತಮಗಾಗಿ ಖಾಲಿ ಮಾಡಿಸಿದ ಕಪಾಟಿನಲ್ಲಿ ತಾವು ಸುಖವಾಗಿ ಚಾರ್ಜ್ ಆಗುತ್ತಿದ್ದೀರೆಂದು ನಂಬಿದ್ದೇನೆ. ಅಲ್ಲಿದ್ದ ನಿಘಂಟುಗಳು ಮೆಟ್ಟಿಲ ಕೆಳಗೆ ಪೊರಕೆಗಳ ಜೊತೆ ಕ್ಷೇಮವಾಗಿವೆ.

ಭಾಷೆ, ಕೋಡಿಂಗ್ ಎರಡನ್ನೂ ಒಂದೇ ಏಟಿಗೆ ಕಲಿಸಿಬಿಡಬಹುದೆಂದು ನಮ್ಮ ಮುಖ್ಯೋಪಾಧ್ಯಾಯರು ತಮ್ಮನ್ನು ಕರೆತಂದು ಎರಡು ತಿಂಗಳಾಯಿತು. ಮಕ್ಕಳು ಟ್ಯಾಬ್ ಮೇಲೆ ಆಜ್ಞೆಗಳನ್ನು ಒಂದರ ಕೆಳಗೊಂದು ಜೋಡಿಸುತ್ತಾರೆ. ತಾವು ಮೂರು ಹೆಜ್ಜೆ ಮುಂದೆ ಹೋಗಿ, ಎಡಕ್ಕೆ ತಿರುಗಿ, ಪರಭಾಷೆಯಲ್ಲಿ ಶುಭಾಶಯ ಹೇಳುತ್ತೀರಿ. ಎಂಥ ಉಚ್ಚಾರಣೆ! ನನಗೇ ಅಷ್ಟು ಚೆನ್ನಾಗಿ ಬರುವುದಿಲ್ಲ. ಮಕ್ಕಳ ಬಾಯಿಗಂತೂ ಪೂರ್ತಿ ವಿಶ್ರಾಂತಿ ಸಿಕ್ಕಿದೆ. ಇಪ್ಪತ್ತೆರಡು ಮಕ್ಕಳಿದ್ದೂ ಫ್ಯಾನಿನ ಸದ್ದು ಕೇಳಿಸುವ ಭಾಷಾ ತರಗತಿಯನ್ನು ನಾನು ಈ ಜನ್ಮದಲ್ಲಿ ಕಾಣುತ್ತೇನೆಂದುಕೊಂಡಿರಲಿಲ್ಲ.

ತಾವು ಬರುವ ಮೊದಲು ನಮ್ಮಲ್ಲೊಂದು ಅನಾಗರಿಕ ಪದ್ಧತಿಯಿತ್ತು. ಮಾತಾಡುವಾಗ ತಪ್ಪಿದವರು ಆ ತಪ್ಪನ್ನು ಹಿಂದಿನ ಗೋಡೆಯ ಹಲಗೆಯ ಮೇಲೆ ಹೆಸರು ಸಮೇತ ಬರೆಯಬೇಕು. ಬುಧವಾರದ ಮಾತಿನ ಪೀರಿಯಡ್ಡಿನಲ್ಲಿ ಎಲ್ಲರೂ ಸೇರಿ ನಕ್ಕು, ತಿದ್ದಿ, ಒರೆಸಬೇಕು. ಅತಿ ಹೆಚ್ಚು ತಪ್ಪು ಮಾಡಿದವರಿಗೆ ಚಪ್ಪಾಳೆ. ಕಿಟಕಿ ಪಕ್ಕದ ನಮ್ಮ ಪಿಸುಮಾತಿನ ಹುಡುಗಿ ಸತತ ಐದು ವಾರ ಆ ಚಪ್ಪಾಳೆ ಗಿಟ್ಟಿಸಿದ್ದಳು. ಅವಳ ಅಕ್ಕ ಆ ಭಾಷೆಯ ದೇಶದಲ್ಲಿದ್ದಾಳೆ. ಅಕ್ಕನ ನಾಲ್ಕು ವರ್ಷದ ಮಗಳಿಗೆ ಬೇರೆ ಭಾಷೆ ಬಾರದು. ಆ ಮಗುವಿನೊಡನೆ ಮಾತಾಡಬೇಕೆಂಬ ಒಂದೇ ಆಸೆಗೆ ಇವಳು ನನ್ನ ತರಗತಿ ಸೇರಿದ್ದು. ಈಗ ಹಲಗೆಯ ಜಾಗದಲ್ಲಿ ತಮ್ಮ ಭಾವಚಿತ್ರವಿದೆ. ಎಂದೂ ತಪ್ಪದ ತಮ್ಮ ಮುಂದೆ ತಪ್ಪಲು ನಾಚಿ ಹುಡುಗಿ ಬಾಯಿ ಹೊಲಿದುಕೊಂಡಳು. ಕೋಡಿಂಗ್‌ನಲ್ಲಿ ಮಾತ್ರ ಅವಳೇ ಮೊದಲು.

ಕಳೆದ ಬುಧವಾರ ಪೋಷಕರೆದುರು ತಮ್ಮ ಪ್ರದರ್ಶನ ನಡೆಯಿತಲ್ಲ, ಅದನ್ನು ಹೇಗೆ ಹೊಗಳಲಿ? ಮುಖ್ಯೋಪಾಧ್ಯಾಯರ ಅಪ್ಪಣೆಯಂತೆ ಆ ಹುಡುಗಿಯ ಅಕ್ಕನ ಮಗಳನ್ನೇ ವಿಡಿಯೋ ಕರೆಯಲ್ಲಿ ದೊಡ್ಡ ಪರದೆಯ ಮೇಲೆ ತರಲಾಯಿತು. ಹುಡುಗಿ ರಚಿಸಿದ ಪ್ರೋಗ್ರಾಮಿನಂತೆ ತಾವು ಮಗುವಿನ ವಯಸ್ಸು ಕೇಳಿದಿರಿ. ಮಗು ನಾಲ್ಕು ಬೆರಳು ತೋರಿಸಿ, ಚಿಕ್ಕಮ್ಮ ಎಲ್ಲಿ ಎಂದು ಕೇಳಿತು. ತಾವು ಬಹಳ ಸಂತೋಷವೆಂದು ತಿಳಿಸಿ, ಅಲ್ಲಿಯ ಹವಾಮಾನ ವಿಚಾರಿಸಿದಿರಿ. ಮಗು ಅಳಲು ಶುರುಮಾಡಿತು. ತಾವು ಮೂರು ಹೆಜ್ಜೆ ನಡೆದು, ಎಡಕ್ಕೆ ತಿರುಗಿ, ಗೋಡೆಗೆ ಶುಭಾಶಯ ಹೇಳಿದಿರಿ. ಆಗ ಹುಡುಗಿ ಟ್ಯಾಬ್ ಕೆಳಗಿಟ್ಟು ಪರದೆಯ ಮುಂದೆ ನಿಂತು, ಆ ಭಾಷೆಯಲ್ಲೇ ಎರಡು ವಾಕ್ಯ ಮಾತಾಡಿದಳು. ಎರಡರಲ್ಲಿ ಮೂರು ತಪ್ಪು. ಮಗು ಮೂಗೊರೆಸಿಕೊಂಡು ನಕ್ಕಿತು. ನನಗೆ ಕಣ್ಣು ತುಂಬಿ ಬಂತು, ಮುಚ್ಚುಮರೆಯೇನು.

ರೋಬೋಟಿನ ಸಂವಾದ ಅಭೂತಪೂರ್ವ ಯಶಸ್ಸು ಕಂಡಿತೆಂದು ವರದಿ ಹೋಗಿದೆ. ಮುಂದಿನ ವಾರದಿಂದ ಬುಧವಾರದ ಮಾತಿನ ಪೀರಿಯಡ್ಡೂ ಪೂರ್ತಿ ತಮ್ಮ ಪಾಲಿಗಂತೆ. ತಾವು ದೊಡ್ಡ ಮನಸ್ಸು ಮಾಡಿ ಅದೊಂದನ್ನು ನಮಗೆ ಬಿಟ್ಟುಕೊಡಬೇಕು. ಅದು ಆಗದಿದ್ದರೆ ವಾರಕ್ಕೊಮ್ಮೆಯಾದರೂ ಎಲ್ಲರೆದುರು ತಡವರಿಸಿ, ಬೆವತು, ತಪ್ಪು ಮಾತಾಡಿ, ಮಕ್ಕಳ ನಗೆಗೆ ಈಡಾಗಬೇಕೆಂದು ಕೈಮುಗಿದು ಬೇಡುತ್ತೇನೆ.

ಎಡಕ್ಕೂ ಬಲಕ್ಕೂ ತಿರುಗಲು ಸಿದ್ಧಳಾದ,
ತಮ್ಮ ವಿಶ್ವಾಸಿ,
ಕೊನೆಯ ಕೋಣೆಯ ಟೀಚರ್

ಮರೆತ ಮಾತು: ತಮ್ಮ ಬೆನ್ನಿಗೆ ಅಂಟಿಸಿರುವ ಚೀಟಿಯನ್ನು ತಾವು ನೋಡಿರಲಾರಿರಿ, ಕುತ್ತಿಗೆ ಅಷ್ಟು ತಿರುಗುವುದಿಲ್ಲ. ಹಲಗೆ ಇಲ್ಲದ್ದರಿಂದ ಹುಡುಗಿ ತನ್ನ ಮೂರು ತಪ್ಪುಗಳನ್ನು ಹೆಸರು ಸಮೇತ ಅಲ್ಲಿ ಬರೆದಿದ್ದಾಳೆ. ಇವತ್ತು ಬೆಳಿಗ್ಗೆಯ ಹೊತ್ತಿಗೆ ಕೆಳಗೆ ಇನ್ನೂ ಏಳು ಮಕ್ಕಳ ಚೀಟಿಗಳು ಸೇರಿವೆ. ದಯವಿಟ್ಟು ಅಲುಗಾಡದೆ ನಿಂತಿರಿ. ತಮ್ಮಿಂದ ಭಾಷಾ ತರಗತಿಗೆ ಆಗಿರುವ ಮೊದಲ ಉಪಕಾರವಿದು.