ದ್ವೀಪಕ್ಕೆ ಹೊರಟವನ ಕೈಪಿಡಿ

ನೋಡದ ಊರಿನ ಬಗ್ಗೆ ಮಾತನಾಡುವುದು ಬಹಳ ಸುಲಭ. ನೋಡಿ ಬಂದ ಮೇಲೆಯೇ ನಾಲಿಗೆ ತಡವರಿಸುವುದು. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಹೊಸಪೇಟೆಯ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಭೂಗೋಳ ಹೇಳಿಕೊಟ್ಟವನು ನಾನು. ‘ಸುತ್ತಲೂ ನೀರಿನಿಂದ ಆವರಿಸಲ್ಪಟ್ಟ ಭೂಭಾಗಕ್ಕೆ ದ್ವೀಪವೆಂದು ಹೆಸರು’ ಎಂದು ಎಷ್ಟು ತರಗತಿಗಳಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಗೋಡೆಯ ನಕ್ಷೆಯ ಮೇಲೆ ಬೆತ್ತ ಆಡಿಸುತ್ತ ಒಂದೇ ಗಂಟೆಯಲ್ಲಿ ಮೂರು ಸಾಗರ ದಾಟಿ, ಹಣೆಯ ಬೆವರು ಒರೆಸಿಕೊಂಡವನು. ಆದರೆ ನಿಜ ಹೇಳಿಬಿಡುತ್ತೇನೆ: ದ್ವೀಪ ಹಾಗಿರಲಿ, ನಾನು ಸಮುದ್ರವನ್ನೇ ಕಂಡಿರಲಿಲ್ಲ. ಕಮಲಾಪುರದ ಕೆರೆಯಾಚೆಗೆ ನನ್ನ ಜಲಜ್ಞಾನ ಹರಿದದ್ದೇ ಇಲ್ಲ.

ನನ್ನ ಹೆಂಡತಿ ನೀಲಮ್ಮನದು ಬೇರೆ ಕಥೆ. ಆಕೆ ಕಂಪ್ಲಿಯವಳು, ಹೊಳೆಯ ದಂಡೆಯ ಮನೆಯಲ್ಲಿ ಬೆಳೆದವಳು. ಸಣ್ಣವಳಿದ್ದಾಗ ಅಜ್ಜಿಯ ಮಡಿಲಲ್ಲಿ ಕುಳಿತು ಬುಟ್ಟಿಯಂಥ ದುಂಡನೆಯ ಹರಗೋಲಿನಲ್ಲಿ ತುಂಗಭದ್ರೆ ದಾಟುವಾಗ, “ಅಜ್ಜೀ, ಈ ನೀರೆಲ್ಲ ಎಲ್ಲಿಗೆ ಹೊಂಟೈತಿ?” ಎಂದು ಕೇಳಿದ್ದಳಂತೆ. “ಸಮುದ್ರಕ್ಕ” ಎಂದಳಂತೆ ಅಜ್ಜಿ. ಅಂದಿನಿಂದ ಆ ನೀರು ಹೋಗಿ ಸೇರುವ ಜಾಗ ನೋಡಬೇಕೆಂಬ ಆಸೆ ಆಕೆಗೆ. ಮದುವೆಯಾದ ಹೊಸತರಲ್ಲಿ ಕಂಪ್ಲಿಯ ಕೋಟೆಯ ಹತ್ತಿರ ಕುಳಿತು ನನಗಿದನ್ನು ಹೇಳಿದಳು. ಹೊಸ ಅಳಿಯನ ಉತ್ಸಾಹದಲ್ಲಿ, “ಅಷ್ಟೇ ತಾನೆ? ಬರುವ ಬೇಸಿಗೆಗೇ ತೋರಿಸುತ್ತೇನೆ” ಎಂದುಬಿಟ್ಟೆ. ಆ ಬೇಸಿಗೆ ನನಗೆ ಜ್ವರ ಬಂತು. ಮರುಬೇಸಿಗೆ ಸಂಡೂರಿನಲ್ಲಿ ಷಡ್ಡಕನ ಮನೆಯ ಗೃಹಪ್ರವೇಶ. ಆಮೇಲೆ ಒಂದು ವರ್ಷ ಸೆಖೆ ಜಾಸ್ತಿ, ಇನ್ನೊಂದು ವರ್ಷ ರೈಲಿನಲ್ಲಿ ಜನ ಜಾಸ್ತಿ. ಪ್ರತಿ ಬೇಸಿಗೆಯೂ ಆಕೆ ಪ್ರಯಾಣಕ್ಕೆಂದು ಚಟ್ನಿಪುಡಿ ಕುಟ್ಟಿ ಡಬ್ಬಿಗೆ ತುಂಬುತ್ತಿದ್ದಳು. ಪ್ರತಿ ಮಳೆಗಾಲವೂ ನಾವಿಬ್ಬರೂ ಅದನ್ನು ಮನೆಯಲ್ಲೇ ಕುಳಿತು ತಿಂದು ಮುಗಿಸುತ್ತಿದ್ದೆವು. ಚಟ್ನಿಪುಡಿ ಮಾತ್ರ ಪ್ರತಿವರ್ಷವೂ ಚೆನ್ನಾಗಿಯೇ ಇರುತ್ತಿತ್ತು.

ಆ ವರ್ಷ ಶಾಲೆಗೆ ರಜೆ ಬಿಟ್ಟ ದಿನ ನಾನು ರುಮಾಲು ತೆಗೆದು ಗೂಟಕ್ಕೆ ಹಾಕುತ್ತಿದ್ದಾಗ ನೀಲಮ್ಮ ಒಳಗಿನಿಂದ, “ಈ ಸರ್ತಿ ನಾನು ಚಟ್ನಿಪುಡಿ ಕುಟ್ಟೂದಿಲ್ರೀ” ಎಂದಳು. ಸಿಟ್ಟಿಲ್ಲ, ಅಳುವಿಲ್ಲ, ಸೌದೆ ಮುಗಿದಿದೆ ಎಂದು ಹೇಳುವಾಗಿನ ದನಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಅಷ್ಟು ಹೆದರಿದ್ದು ಆಗಲೇ. ಬೈದರೆ ತಡೆದುಕೊಳ್ಳಬಹುದು, ಆಸೆ ಬಿಟ್ಟವರ ಎದುರಿಗೆ ನಿಲ್ಲುವುದು ಕಷ್ಟ. ತಕ್ಷಣ, “ಈ ಸಲ ರಾಮೇಶ್ವರ ಖಂಡಿತ. ಸಮುದ್ರಕ್ಕೆ ಸಮುದ್ರವೂ ಆಯಿತು, ದ್ವೀಪಕ್ಕೆ ದ್ವೀಪವೂ ಆಯಿತು, ಪುಣ್ಯ ಬೇರೆ” ಎಂದೆ. “ಪುಣ್ಯ ಆಮ್ಯಾಲ ನೋಡೂಣು. ಮೊದಲು ಮನಿ ಬಿಟ್ಟು ಹೊಂಡ್ರಿ” ಎಂದಳು.

ಹೊರಡುವುದೇನೋ ಸರಿ. ಆದರೆ ಓದಿಕೊಂಡ ಮನುಷ್ಯ ದ್ವೀಪಕ್ಕೆ ಹಾಗೆ ಸುಮ್ಮನೆ ಹೊರಟುಬಿಡಲು ಆಗುತ್ತದೆಯೆ? ಕೈಯಲ್ಲೊಂದು ಕೈಪಿಡಿ ಬೇಡವೆ? ಎಲ್ಲಿ ಇಳಿಯಬೇಕು, ಯಾವ ಛತ್ರದ ನೀರು ಒಳ್ಳೆಯದು, ಏನು ನೋಡಬೇಕು, ನೋಡಿ ಏನೆನ್ನಬೇಕು, ಇವೆಲ್ಲ ಮೊದಲೇ ತಿಳಿದಿರಬೇಕು. ಮಾರನೆಯ ಬೆಳಿಗ್ಗೆಯೇ ಬಜಾರಿನ ಪಂಪಣ್ಣನ ಅಂಗಡಿಗೆ ಹೋದೆ. ಪಂಪಣ್ಣ ಪಾಟಿ, ಬಳಪ, ಪಂಚಾಂಗಗಳ ವ್ಯಾಪಾರಿ. ನನ್ನ ಹಳೆಯ ಶಿಷ್ಯ. ಯಾತ್ರೆಯ ಪುಸ್ತಕಗಳು ಅವನಲ್ಲಿ ಮೂರಿದ್ದವು: ಕೆಂಪು ರಟ್ಟಿನದೊಂದು, ಹಸಿರು ರಟ್ಟಿನದೊಂದು, ನೀಲಿ ರಟ್ಟಿನದೊಂದು. “ಮೂರೂ ಮನೀಗೆ ಒಯ್ರಿ ಸಾರ್, ಓದಿ ನೋಡ್ರಿ. ಚಲೋ ಅನಿಸಿದ್ದು ಇಟ್ಕೊಂಡು ಎರಡು ವಾಪಸ್ ಕೊಡ್ರಿ” ಎಂದ. ಇಂಥ ಉದಾರಿಗಳಿಂದಲೇ ನನ್ನಂಥವರು ಕೆಡುವುದು.

ಮೂರನ್ನೂ ಓದಿದೆ. ಒಂದರಂತೆ ಇನ್ನೊಂದಿಲ್ಲ. ದ್ವೀಪದ ಗಾಳಿ ಆರೋಗ್ಯಕ್ಕೆ ಅಮೃತ ಎಂದಿತು ಕೆಂಪು; ಕಿವಿಗೆ ಹತ್ತಿಯಿಲ್ಲದೆ ಕಾಲಿಡಬಾರದು ಎಂದಿತು ಹಸಿರು. ಒಯ್ಯಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಕೊಡೆ, ಕಂದೀಲು, ಕ್ವಿನೈನ್ ಗುಳಿಗೆಗಳ ಜೊತೆಗೆ ಕೆಂಪು ಪುಸ್ತಕ ‘ನಲವತ್ತು ಮೊಳ ಹಗ್ಗ’ ಎಂದು ಬರೆದಿತ್ತು. ಯಾತಕ್ಕೆಂದು ಬರೆದಿರಲಿಲ್ಲ. “ಹಗ್ಗ ಯಾಕಂತ್ರೀ?” ಎಂದು ನೀಲಮ್ಮ ಕೇಳಿದಳು. ತಿಳಿಯದು ಎನ್ನುವ ಅಭ್ಯಾಸ ಮೇಷ್ಟ್ರಿಗೆ ಇರುವುದಿಲ್ಲ. “ದ್ವೀಪವಲ್ಲವೆ? ಬೇಕಾಗುತ್ತದೆ” ಎಂದೆ. ಆಕೆ ನನ್ನ ಮುಖವನ್ನೊಮ್ಮೆ ನೋಡಿ, ಬಾವಿಯ ಹಳೆಯ ಹಗ್ಗ ಬಿಚ್ಚಿ ತಂದು ಟ್ರಂಕಿನ ಪಕ್ಕ ಇಟ್ಟಳು.

ಯಾವುದನ್ನು ನಂಬುವುದು? ಹದಿನೈದು ದಿನ ತಲೆ ಕೆಡಿಸಿಕೊಂಡ ಮೇಲೆ ನನಗೊಂದು ಉಪಾಯ ಹೊಳೆಯಿತು. ಮೂರೂ ಪುಸ್ತಕಗಳಲ್ಲಿ ನಮ್ಮ ಹಂಪಿಯ ಬಗ್ಗೆಯೂ ಒಂದೊಂದು ಪುಟವಿತ್ತು. ರಾಮೇಶ್ವರದ ಸತ್ಯ ನನಗೆ ಗೊತ್ತಿಲ್ಲ, ಹಂಪಿಯದು ಗೊತ್ತು. ಹಂಪಿಯ ಬಗ್ಗೆ ಸರಿಯಾಗಿ ಬರೆದವನು ರಾಮೇಶ್ವರದ ಬಗ್ಗೆಯೂ ಸರಿಯಾಗಿಯೇ ಬರೆದಿರುತ್ತಾನೆ! ಈ ಪರೀಕ್ಷೆಯನ್ನು ಕಂಡುಹಿಡಿದ ದಿನ ನನ್ನ ಬುದ್ಧಿಗೆ ನಾನೇ ಮೆಚ್ಚಿ ಎರಡು ಲೋಟ ಮಜ್ಜಿಗೆ ಕುಡಿದೆ.

ಹೊಸಪೇಟೆಯಿಂದ ಹಂಪಿಗೆ ಎರಡು ಮೈಲು ಎಂದು ಕೆಂಪು ಪುಸ್ತಕ ಬರೆದಿತ್ತು. ಎಂಟು ಮೈಲಿನ ಆ ದಾರಿಯಲ್ಲಿ ಹುಡುಗರನ್ನು ಕಟ್ಟಿಕೊಂಡು ನಡೆದು ಎಷ್ಟು ಜೊತೆ ಚಪ್ಪಲಿ ಸವೆಸಿದ್ದೇನೆ ನಾನು! ಅದನ್ನು ಕೆಳಗಿಟ್ಟೆ. ಹಸಿರು ಪುಸ್ತಕ ಇನ್ನೂ ಧೈರ್ಯದ್ದು. ಸಂಡೂರನ್ನು ಎತ್ತಿ ತುಂಗಭದ್ರೆಯ ಆಚೆ, ನಿಜಾಮರ ಸೀಮೆಯ ದಡಕ್ಕೆ ಇಟ್ಟುಬಿಟ್ಟಿತ್ತು. ಗುಡ್ಡಗಳ ಸಮೇತ ನನ್ನ ಷಡ್ಡಕ ಕುಳಿತಲ್ಲೇ ನಿಜಾಮರ ಪ್ರಜೆಯಾಗಿದ್ದ. ಅದನ್ನೂ ಕೆಳಗಿಟ್ಟೆ. ನೀಲಿ ಪುಸ್ತಕ ತೆರೆದೆ. ಮೈಲು ಸರಿ, ದಿಕ್ಕು ಸರಿ, ಕಮಲಾಪುರದ ಬಾಳೆತೋಟ ಸರಿ. ಅಷ್ಟೇ ಅಲ್ಲ, ದಾರಿಬದಿಯ ಗದ್ದೆಯಲ್ಲಿರುವ ಸಣ್ಣ ಕಲ್ಲುತೊಟ್ಟಿಯನ್ನು ಕೂಡ ಬಿಟ್ಟಿರಲಿಲ್ಲ: ‘ಇದು ರಾಣಿವಾಸದ ಗಿಳಿಗಳು ಮೀಯುತ್ತಿದ್ದ ತೊಟ್ಟಿ, ಅವಶ್ಯ ನೋಡತಕ್ಕದ್ದು.’ ನನಗೆ ರೋಮಾಂಚನವಾಯಿತು. ಆ ತೊಟ್ಟಿಯನ್ನು ಪ್ರತಿವರ್ಷವೂ ವಿದ್ಯಾರ್ಥಿಗಳಿಗೆ ತೋರಿಸುವವನು ನಾನು; ಬೇರೆ ಯಾರೂ ಅದನ್ನು ತಿರುಗಿ ಸಹ ನೋಡುವುದಿಲ್ಲ. ಅಂಥದ್ದನ್ನೂ ಬಲ್ಲ ಈ ಮಹಾನುಭಾವನ ಕೈ ಹಿಡಿದು ಕಣ್ಣುಮುಚ್ಚಿಕೊಂಡು ದ್ವೀಪಕ್ಕೆ ಹೋಗಬಹುದು ಎನಿಸಿತು.

ನೀಲಮ್ಮನನ್ನು ಕರೆದು ಆ ಸಾಲನ್ನು ಗಟ್ಟಿಯಾಗಿ ಓದಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಗಿಳಿ ತೊಟ್ಟಿನೂ ಬಂದೈತೇನ್ರೀ? ಭಾಳ ಚಲೋ ಪುಸ್ತಕ. ಇದನ್ನ ಇಟ್ಕೊಳ್ರಿ. ಜಲ್ದಿ ಹೊಂಡ್ರಿ ಇನ್ನ” ಎಂದಳು. ಅಷ್ಟರಲ್ಲಿ ರಜೆಯಲ್ಲಿ ಉಳಿದದ್ದು ಹತ್ತೇ ದಿನ. ಆ ಸಂಜೆ ಹಿತ್ತಲಿನಲ್ಲಿ ಒನಕೆಯ ಸದ್ದು ಕೇಳಿಸಿತು. ಚಟ್ನಿಪುಡಿ! ನನ್ನ ಎದೆಯ ಮೇಲಿಂದ ಕಲ್ಲು ಇಳಿಸಿದಂತಾಯಿತು.

ಪ್ರಯಾಣದ ಕಷ್ಟವನ್ನು ವರ್ಣಿಸುವುದಿಲ್ಲ. ಗುಂತಕಲ್ಲಿನಲ್ಲಿ ಹತ್ತಿ, ಮದರಾಸಿನಲ್ಲಿ ಇಳಿದು, ಮತ್ತೆ ಹತ್ತಿ, ಕಡೆಗೆ ಸಮುದ್ರದ ಮೇಲಿನ ಸೇತುವೆಗೆ ರೈಲು ಬಂತು. ಎರಡು ಕಡೆಯೂ ನೀರು. ಆಗ ನನಗೆ ನಾನೇ ಒಪ್ಪಿಕೊಳ್ಳಬೇಕಾಯಿತು: ಜ್ವರ, ಗೃಹಪ್ರವೇಶ, ಸೆಖೆ, ಮೂರು ಬಣ್ಣದ ಪುಸ್ತಕಗಳು, ಎಲ್ಲದರ ಹಿಂದೆಯೂ ಇದ್ದದ್ದು ಈ ಸೇತುವೆಯ ಭಯವೇ. ನಕ್ಷೆಯಲ್ಲಿ ಕೂಡ ಬೆತ್ತವನ್ನು ಅದರ ಮೇಲೆ ನಿಲ್ಲಿಸದೆ ಬೇಗ ಮುಂದಕ್ಕೆ ಸರಿಸಿಬಿಡುತ್ತಿದ್ದೆ. ನಾನು ಕಣ್ಣುಮುಚ್ಚಿ, ಬಾವಿಹಗ್ಗದ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಕೈಯಿಂದ ಹಿಡಿದು ಕುಳಿತಿದ್ದೆ. ಆ ಹಗ್ಗ ಬೇರೆ ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲ. ನೀಲಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಳು.

ದೇವರ ದರ್ಶನವಾದ ಮರುದಿನ ನೀಲಿ ಪುಸ್ತಕ ತೆರೆದೆ. ‘ಊರಿನ ದಕ್ಷಿಣಕ್ಕೆ ಅರ್ಧ ಮೈಲಿನ ಮೇಲೆ ಒಂದು ಬಾವಿ. ಸೇತುವೆ ಕಟ್ಟುವಾಗ ಬಾಯಾರಿದ ಕಪಿಸೈನ್ಯ ತೋಡಿಕೊಂಡದ್ದು. ನೀರಿಗೆ ಇಂದಿಗೂ ಏಲಕ್ಕಿಯ ಪರಿಮಳ.’ ಆ ಬಾವಿಯನ್ನು ಹುಡುಕಿಕೊಂಡು ಉರಿಯುವ ಮರಳಿನಲ್ಲಿ ನಡೆದೆವು, ನಡೆದೇ ನಡೆದೆವು. ಕಡೆಗೊಂದು ಬಾವಿ ಸಿಕ್ಕಿತು. ಅಲ್ಲೇ ಕಟ್ಟಿದ್ದ ಹಗ್ಗದಿಂದ ಸೇದಿ ಕುಡಿದೆ. ಉಪ್ಪು. ಪಕ್ಕದಲ್ಲಿ ಎಳನೀರು ಮಾರುವ ಮುದುಕನೊಬ್ಬ ಕುಳಿತಿದ್ದ. ಯಾತ್ರಿಕರಿಂದ ಕಲಿತ ಹರಕುಮುರುಕು ತೆಲುಗು ಆಡುತ್ತಿದ್ದ. ನಾನು ಪುಸ್ತಕ ತೋರಿಸಿ ಏಲಕ್ಕಿಯ ವಿಷಯ ಕೇಳಿದೆ. ಅವನು ಮೊದಲು ತಲೆ ಕೆರೆದುಕೊಂಡ, ಆಮೇಲೆ ನಗತೊಡಗಿದ. ಬಹಳ ವರ್ಷಗಳ ಹಿಂದೆ ಕೊಡೆ, ಕನ್ನಡಕ, ನೋಟುಬುಕ್ಕಿನ ಒಬ್ಬ ದೊಡ್ಡ ಮನುಷ್ಯ ಇಲ್ಲಿಗೆ ಬಂದಿದ್ದನಂತೆ. ಈ ಕಲ್ಲು ಏನು, ಈ ಗಿಡ ಏನು, ಈ ಬಾವಿ ಏನು ಎಂದು ಒಂದೇ ಸಮನೆ ಪ್ರಶ್ನೆ. “ಬಿಸಿಲು ಸ್ವಾಮೀ. ಏನಾದರೂ ಹೇಳದೆ ಆತ ಏಳುವ ಹಾಗಿರಲಿಲ್ಲ. ಹೇಳಿದೆ, ಎದ್ದು ಹೋದ” ಎಂದ.

ಕೊಡೆ, ಕನ್ನಡಕ, ನೋಟುಬುಕ್ಕು. ನಾನು ಮರಳಿನ ಮೇಲೆ ಕುಳಿತುಬಿಟ್ಟೆ. ಹದಿನೈದು ವರ್ಷಗಳ ಹಿಂದೆ ಹೆಡ್‌ಮೇಷ್ಟ್ರು ಅದೇ ಮನುಷ್ಯನನ್ನು ನನ್ನ ತಲೆಗೆ ಕಟ್ಟಿ ಹಂಪಿ ತೋರಿಸಲು ಕಳಿಸಿದ್ದರು. ಅದೇ ಬಿಸಿಲು, ಅದೇ ಪ್ರಶ್ನೆಗಳು. ಕಮಲಾಪುರದ ರೈತರು ಎಮ್ಮೆಗಳಿಗೆ ನೀರು ಕುಡಿಸುವ ಕಲ್ಲುತೊಟ್ಟಿಯನ್ನು ತೋರಿಸಿ, ಇದೇನು ಎಂದಿದ್ದ. ಗಿಳಿಗಳ ಕಥೆಯನ್ನು ಹುಟ್ಟಿಸಿದವನು ನಾನೇ. ಆಮೇಲೆ ವರ್ಷವರ್ಷವೂ ಹುಡುಗರಿಗೆ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ. ಮೂರು ಪುಸ್ತಕಗಳನ್ನು ಪರೀಕ್ಷೆ ಮಾಡಿ, ನನ್ನ ಸುಳ್ಳಿಗೆ ನಾನೇ ಮೊದಲನೆಯ ದರ್ಜೆ ಕೊಟ್ಟಿದ್ದೆ!

ನೀಲಮ್ಮನ ಕಡೆಗೆ ನೋಡಿದೆ. ಆಕೆ ನಗುತ್ತಿದ್ದಳು. “ನಿನಗೆ ಗೊತ್ತಿತ್ತೇನು?” ಎಂದೆ.

“ಗೊತ್ತಿಲ್ದ ಏನ್ರೀ? ಅವತ್ತು ಸಂಜೀಕ ಮನೀಗೆ ಬಂದು ನೀವ ಹೇಳಿ ಹೇಳಿ ನಕ್ಕಿದ್ರಿ.”

“ಮತ್ತೆ ಆಗಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರ ನಾಕನೇ ಪುಸ್ತಕ ಹುಡುಕ್ತಿದ್ರಿ” ಎಂದಳು. “ಪುಸ್ತಕ ಖರೇನೋ ಸುಳ್ಳೋ ತಗೊಂಡು ನಾನೇನ್ ಮಾಡ್ಲಿ? ನೀವು ಹೊಂಟ್ರಿ, ಅಷ್ಟ ಸಾಕಾಗಿತ್ತು ನನಗ.”

ನೀಲಿ ಪುಸ್ತಕವನ್ನು ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಎದ್ದೆ. ಇಬ್ಬರೂ ದಂಡೆಗೆ ಹೋಗಿ ಕುಳಿತು ರೊಟ್ಟಿ, ಚಟ್ನಿಪುಡಿ ಬಿಚ್ಚಿದೆವು. ಆಕೆ ಬಹಳ ಹೊತ್ತು ನೀರನ್ನೇ ನೋಡಿ, “ಇದರಾಗ ಹರಗೋಲು ಬಿಟ್ರ ತಿರುಗ್ತಾನ ಇರ್ತೈತಿ, ದಂಡೀನ ಸಿಗೂದಿಲ್ಲ” ಎಂದಳು. ನಮ್ಮ ಹೊಳೆಯ ನೀರು ಇದರಲ್ಲಿ ಯಾವುದು ಎಂದು ಕೇಳಿದಳು. ಭೂಗೋಳದ ಮೇಷ್ಟ್ರು ಮೊದಲನೆಯ ಸಲ, “ಗೊತ್ತಿಲ್ಲ” ಎಂದೆ. ಆಕೆಯ ಇಪ್ಪತ್ತೆರಡು ಬೇಸಿಗೆಗಳನ್ನು ಸುಮ್ಮನೆ ಕಳೆದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಊರಿಗೆ ಬಂದ ಮೇಲೆ ಇನ್ನು ಸುಳ್ಳು ಹೇಳಕೂಡದೆಂದು ನಿಶ್ಚಯ ಮಾಡಿದೆ. ಆ ವರ್ಷ ಹುಡುಗರಿಗೆ ತೊಟ್ಟಿ ತೋರಿಸಲಿಲ್ಲ. ಚಳಿಗಾಲದಲ್ಲಿ ಧಾರವಾಡದ ಕಡೆಯ ಒಬ್ಬ ಗುಮಾಸ್ತರು ಹೆಂಡತಿಯೊಡನೆ ನಮ್ಮ ಮನೆಯ ಬಾಗಿಲಿಗೆ ಬಂದರು, ಪಂಪಣ್ಣನೇ ಕಳಿಸಿದ್ದನಂತೆ. ಗುಮಾಸ್ತರ ಕಂಕುಳಲ್ಲಿ ನೀಲಿ ಪುಸ್ತಕ. ಹೆಂಡತಿಯ ಕೈಯಲ್ಲಿ ಬುತ್ತಿಯ ಗಂಟು, ಕಣ್ಣಲ್ಲಿ ಏನೋ ಬೆಳಕು. “ಮದುವ್ಯಾಗಿ ಹದಿಮೂರು ವರ್ಷದ ಮ್ಯಾಲ ಇವರು ಮನೀ ಬಿಟ್ಟು ಹೊಂಟಾರ್ರೀ” ಎಂದು ಆಕೆ ನೀಲಮ್ಮನಿಗೆ ಹೇಳುತ್ತಿದ್ದಳು. ಗುಮಾಸ್ತರು ಪುಟ ತಿರುವಿ, “ಆ ಗಿಳಿಗಳ ತೊಟ್ಟಿ ಎಲ್ಲೈತ್ರೀ?” ಎಂದರು.

ನಿಜ ಹೇಳಲು ಬಾಯಿ ತೆರೆದೆ. ಬಾಗಿಲ ಹಿಂದಿನಿಂದ ನೀಲಮ್ಮ ನನ್ನ ಕೊಡೆಯನ್ನು ಮುಂದಕ್ಕೆ ಚಾಚಿದಳು. ತೆಗೆದುಕೊಂಡು ಹೊರಟೆ. ದಾರಿಯಲ್ಲಿ ಆ ತಾಯಿ, ಗಿಳಿಗಳು ಎಷ್ಟಿದ್ದವು ಎಂದು ಕೇಳಿದಳು. ಹನ್ನೆರಡು ಎಂದೆ.