ಮಾವನ ಮೂರು ಸಾಲಿನ ಅಮೆರಿಕ

ಅಮೆರಿಕ ದೇಶವನ್ನು ಹಲವು ವರ್ಷ ಆಳಿದ್ದು ಮಧುಗಿರಿ ಪೇಟೆಬೀದಿಯ ಒಂದು ಜವಳಿ ಅಂಗಡಿ ಎಂದರೆ ನೀವು ನಂಬುವುದಿಲ್ಲ. ನಿಮ್ಮ ತಪ್ಪಲ್ಲ. ಈ ವಿಷಯ ಅಮೆರಿಕದವರಿಗೂ ಗೊತ್ತಿರಲಿಲ್ಲ. ಅಂಗಡಿ ನನ್ನ ಸೋದರಮಾವನದು. ಅವರು ತುಮಕೂರು ಮತ್ತು ಸಿದ್ದರಬೆಟ್ಟ ಬಿಟ್ಟು ಬೇರೆ ಲೋಕ ಕಂಡವರಲ್ಲ. ಆದರೆ ಅಮೆರಿಕದ ಅಧ್ಯಕ್ಷರು ಯಾವ ಕಾಯಿದೆಗೆ ರುಜು ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದು ಮಾವನಿಗೆ ಖಚಿತವಾಗಿ ಗೊತ್ತಿತ್ತು. ಅಧ್ಯಕ್ಷರು ಇವರ ಮಾತು ಮೀರಿ ನಡೆದ ದಿನ, ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ನಮ್ಮ ಅತ್ತೆ ಬೈಸಿಕೊಳ್ಳುತ್ತಿದ್ದರು.

ಇದು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಅಪ್ಪ ತೀರಿಕೊಂಡ ಮೇಲೆ ನಾನು ಮಾವನ ಮನೆಯಲ್ಲೇ ಬೆಳೆದು, ಓದಿ, ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದೆ. ಅಂಗಡಿ ಮುಂದೆ, ಮನೆ ಹಿಂದೆ. ಮಧ್ಯಾಹ್ನ ಎರಡು ಗಂಟೆಗೆ ತುಮಕೂರಿನ ಮೋಟಾರು ಬರುತ್ತಿತ್ತು. ಅದರಲ್ಲಿ ಬೆಂಗಳೂರಿನ ಹಿಂದಿನ ದಿನದ ಕನ್ನಡ ಪತ್ರಿಕೆ ಬರುತ್ತಿತ್ತು. ಪತ್ರಿಕೆ ಕೈಗೆ ಬಂದರೆ ಮಾವ ಅರ್ಧ ಅಳೆದ ಬಟ್ಟೆಯನ್ನು ಅಲ್ಲೇ ಬಿಟ್ಟು, ಗಜದ ಕಡ್ಡಿ ಹಿಡಿದುಕೊಂಡೇ ಜಗಲಿಗೆ ಬರುತ್ತಿದ್ದರು. ಗಿರಾಕಿಯೂ ಹಿಂದೆಯೇ ಬಂದು ಕೂರಬೇಕು. ಬೇರೆ ದಾರಿ ಏನಿತ್ತು? ಅವನ ಬಟ್ಟೆ ಒಳಗಿತ್ತಲ್ಲ.

ಪತ್ರಿಕೆಯಲ್ಲಿ ಅಮೆರಿಕಕ್ಕೆ ಸಿಗುತ್ತಿದ್ದುದು ಮೂರು ಸಾಲು, ಹೆಚ್ಚೆಂದರೆ ನಾಲ್ಕು. ಮಾವನ ಬಾಯಲ್ಲಿ ಅದೇ ಒಂದೂವರೆ ಗಂಟೆ ನಡೆಯುತ್ತಿತ್ತು. ಓದಿ ಮುಗಿದ ಮೇಲೆ ಆ ತುಂಡನ್ನು ಕತ್ತರಿಸಿ, ಬರೆದು ಮುಗಿಸಿದ ನನ್ನ ನೋಟುಬುಕ್ಕುಗಳಲ್ಲಿ ಗಂಜಿ ಹಚ್ಚಿ ಅಂಟಿಸಿ, ಪಕ್ಕದಲ್ಲಿ ಅದು ಊರಿಗೆ ಬಂದ ತಾರೀಖು ಬರೆಯುತ್ತಿದ್ದರು. ಉಳಿದ ಪತ್ರಿಕೆ ಅತ್ತೆಯ ಡಬ್ಬಿಗಳ ಕೆಳಗೆ ಹಾಸಲು ಹೋಗುತ್ತಿತ್ತು. ಹಾಗಾಗಿ ನಮ್ಮ ಅಡುಗೆಮನೆಯ ಲೋಕದಲ್ಲಿ ಎಲ್ಲ ದೇಶಗಳಿದ್ದವು. ಅಮೆರಿಕ ಇರಬೇಕಾದ ಜಾಗದಲ್ಲಿ ಮಾತ್ರ ತೂತು.

ಅಲ್ಲಿ ಚುನಾವಣೆ ಬಂದಾಗ ಮಾವನ ಸಂಭ್ರಮ ಹೇಳತೀರದು. ಅಲ್ಲಿನ ಎರಡು ಪಕ್ಷಗಳಲ್ಲಿ ಒಂದರ ಗುರುತು ಆನೆ, ಇನ್ನೊಂದರ ಗುರುತು ಕತ್ತೆ ಎಂದು ಎಲ್ಲಿಯೋ ಓದಿದ್ದರು. ದಿನವೂ ವಿಭೂತಿ ಧರಿಸಿ ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ ಯಾವ ಪಕ್ಷ ಹಿಡಿಯಬೇಕು? ಗಣಪತಿಯ ಮುಖವಿರುವ ಪಕ್ಷ ಬಿಟ್ಟು ಕತ್ತೆಗೆ ಓಟು ಕೊಡುವವರೂ ಇರುತ್ತಾರೆಯೇ ಎಂದು ಒಂದು ತಿಂಗಳು ವಾದಿಸಿದರು. ಕತ್ತೆ ಗೆದ್ದಿತು, ಅದೂ ಭಾರಿ ಬಹುಮತದಿಂದ. ಅಂದು ಮಾವ ಊಟಕ್ಕೆ ಏಳಲಿಲ್ಲ. ಅತ್ತೆ ಎರಡು ಸಲ ಕರೆದು ನೋಡಿದರು. ಮೂರನೆಯ ಸಲ ಬಾಗಿಲಿಗೆ ಬಂದು ನಿಂತು, "ಅಲ್ಲಿ ಸೋತೋನು ಉಂಡು ಮಲ್ಗವ್ನೆ. ನೀವ್ಯಾಕೆ ಉಪಾಸ ಬೀಳ್ತೀರಾ, ಏಳಿ" ಎಂದರು. ಮಾವ ಎದ್ದರು. ಆದರೆ ಪ್ರಜೆಗಳ ತೀರ್ಪಿಗೆ ತಲೆಬಾಗಬೇಕಾದ್ದು ಧರ್ಮ ಎಂದು ಹೇಳಿ, ಆಮೇಲೆ ಬೀದಿಯಲ್ಲಿ ಕತ್ತೆ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

ಅಲ್ಲಿನ ನ್ಯಾಯ ವಿಚಾರಣೆಯ ಮೇಲೆ ಅವರಿಗೆ ರಾಜಕೀಯಕ್ಕಿಂತ ಹೆಚ್ಚು ಪ್ರೀತಿ. ಕೊಲೆಗಾರರನ್ನು ಅಲ್ಲಿ ವಿದ್ಯುತ್ತಿನ ಕುರ್ಚಿಯ ಮೇಲೆ ಕೂರಿಸಿ ಕೊಲ್ಲುತ್ತಾರೆಂದು ಓದಿದ ಮೇಲೆ, ದೀಪದ ತಂತಿ ಹಾದುಹೋದ ಯಾವ ಕಟ್ಟಡದಲ್ಲೂ ಅವರು ಕುರ್ಚಿ ಮುಟ್ಟಲಿಲ್ಲ. ಕಚೇರಿಯಲ್ಲಿ ದೊಡ್ಡ ಅಧಿಕಾರಿಗಳು ಕುಳಿತುಕೊಳ್ಳಿ ಎಂದರೂ ನಿಂತೇ ಮಾತಾಡಿ ಬರುತ್ತಿದ್ದರು. ಎಷ್ಟು ವಿನಯವಂತರು ಎಂದು ಊರೆಲ್ಲ ಹೊಗಳಿತು.

ಅಲ್ಲಿ ಹನ್ನೆರಡು ಜನ ಸಾಮಾನ್ಯರು ಕೂತು ತಪ್ಪು ಒಪ್ಪು ತೀರ್ಮಾನಿಸುತ್ತಾರೆ, ಹನ್ನೆರಡೂ ಜನ ಒಪ್ಪಬೇಕು ಎಂದು ಗೊತ್ತಾದಾಗ ಮಾವ ಅದನ್ನೂ ಜಗಲಿಗೆ ತಂದರು. ಪಕ್ಕದ ಮನೆಯ ಮೇಕೆ ನಮ್ಮ ಹಿತ್ತಲಿನ ವೀಳ್ಯದ ಬಳ್ಳಿ ತಿಂದಿತ್ತು. ಹನ್ನೆರಡು ಜನರನ್ನು ಕೂರಿಸಿದರು. ಹನ್ನೊಂದು ಜನ ಮೇಕೆಯದೇ ತಪ್ಪು ಎಂದರು. ಸೊಪ್ಪು ಮಾರುವ ಗಂಗಮ್ಮ ಮಾತ್ರ, ತಿಂದದ್ದನ್ನು ಕಣ್ಣಾರೆ ಕಂಡವರು ಯಾರು ಎಂದು ಕೇಳಿದಳು. ಯಾರೂ ಕಂಡಿರಲಿಲ್ಲ. ಮೇಕೆಯ ಬಾಯಲ್ಲಿ ಇನ್ನೂ ಎಲೆಯಿತ್ತು. ಆದರೂ ಮಾವ ಅದನ್ನು ಬಿಡುಗಡೆ ಮಾಡಿದರು.

ಇಷ್ಟೆಲ್ಲ ತಿಳಿದವರಿಗೆ ತಮ್ಮ ಬೀದಿಯ ಸುದ್ದಿ ಮಾತ್ರ ತಿಳಿಯುತ್ತಿರಲಿಲ್ಲ. ಜನ ಬಾಯಲ್ಲಿ ಹೇಳಿದ್ದು ಗಾಳಿಮಾತು, ಅಚ್ಚಾದದ್ದೇ ಸತ್ಯ ಎಂಬುದು ಅವರ ನಂಬಿಕೆ. ಆ ನಂಬಿಕೆಗೆ ಪೆಟ್ಟು ಬಿದ್ದ ಕಥೆಯನ್ನೇ ನಾನು ಹೇಳಹೊರಟದ್ದು.

ಶಿರಾದಿಂದ ಹುಸೇನ್ ಸಾಬಿ ಎಂಬುವನು ತಿಂಗಳಿಗೊಮ್ಮೆ ಬರುತ್ತಿದ್ದ. ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಗೆ ತವರದ ಕಲಾಯಿ ಹಾಕುವುದು ಅವನ ಕಸುಬು. ಸುತ್ತಲ ಹಳ್ಳಿಗಳನ್ನು ಮುಗಿಸಿಕೊಂಡು ಬಂದು, ನಮ್ಮ ಜಗಲಿಯಲ್ಲಿ ಕೂತು ಅಮೆರಿಕ ಕೇಳಿಕೊಂಡು ಹೋಗುತ್ತಿದ್ದ. ಓದು ಬರಹ ಬಾರದವನು. ಅವನಷ್ಟು ಮನಸ್ಸಿಟ್ಟು ಕೇಳುವವರು ಇನ್ನೊಬ್ಬರಿರಲಿಲ್ಲ.

ಒಂದು ಮಧ್ಯಾಹ್ನ ಮಾವ ಪತ್ರಿಕೆಯ ಉಳಿದ ಪುಟ ಮಡಚುತ್ತಿದ್ದಾಗ ಅದರಲ್ಲಿ ಮಧುಗಿರಿಯ ಹೆಸರು ಕಂಡಿತು. ಅಪರೂಪವಲ್ಲವೇ ಎಂದು ಗಟ್ಟಿಯಾಗಿ ಓದತೊಡಗಿದರು. ಮಧುಗಿರಿ ತಾಲ್ಲೂಕಿನ ಗಣ್ಯರೊಬ್ಬರ ಮನೆಯಲ್ಲಿ ಬೆಳ್ಳಿ ಪೂಜಾ ಸಾಮಾನು ಕಳವು. ಕಲಾಯಿಯ ನೆಪದಲ್ಲಿ ಮನೆಗಳನ್ನು ನೋಡಿಟ್ಟುಕೊಳ್ಳುತ್ತಿದ್ದ ಶಿರಾದ ಕುಖ್ಯಾತ ಕಳ್ಳನ ಬಂಧನ. ಹೆಸರು ಬಂದ ಕಡೆ ಅವರ ಧ್ವನಿ ನಿಂತಿತು. ಅಂದು ಭಾನುವಾರ, ನಾನು ಮನೆಯಲ್ಲಿದ್ದೆ. ಒಳಗಿನಿಂದ ಅತ್ತೆ, ತಾನು ಮೂರು ದಿನದಿಂದ ಇದನ್ನೇ ಹೇಳುತ್ತಿದ್ದೇನೆ, ಕೇಳಿಸಿಕೊಂಡವರು ಯಾರು ಎಂದರು.

ನಡೆದದ್ದು ಇಷ್ಟು. ದೊಡ್ಡೇರಿ ಕಡೆಯ ಒಬ್ಬ ಪಟೇಲರ ಮನೆಯಲ್ಲಿ ಹುಸೇನ್ ಬುಧವಾರ ಕಲಾಯಿ ಹಾಕಿದ್ದ. ಗುರುವಾರ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ, ಮನೆಯವರು ಸಾವಿನ ಮನೆಗೆ ಹೋಗಿದ್ದಾಗ, ಬೆಳ್ಳಿ ಹೋಗಿತ್ತು. ಸಂಜೆ ಹೊತ್ತು ಮುಳುಗುವ ಮುಂಚೆಯೇ, ಪಟೇಲರ ಅನುಮಾನದ ಮೇಲೆ, ಮಧುಗಿರಿಯ ಛತ್ರದ ಬಳಿ ಪೊಲೀಸರು ಹುಸೇನನನ್ನು ಹಿಡಿದಿದ್ದರು. ಬೆಳ್ಳಿ ಅವನ ಬಳಿ ಸಿಕ್ಕಿರಲಿಲ್ಲ.

"ಗುರ್ವಾರ ಎರಡರಿಂದ ನಾಕ್ರ ಗಂಟ ಅವ್ನು ಇಲ್ಲೇ ಕೂತಿದ್ದ," ಎಂದರು ಮಾವ. ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಚ್ಚಾಗದೆ. ಆದ್ರೂ ಸುಳ್ಳು."

ಗುರುವಾರ ಜಗಲಿಯಲ್ಲಿ ಇನ್ನೂ ಮೂವರಿದ್ದರು. ಮಾವ ಅವರ ಮನೆಗಳಿಗೆ ಹೋದರು. ಒಬ್ಬನಿಗೆ ದಿನ ನೆನಪಿರಲಿಲ್ಲ, ಒಬ್ಬನಿಗೆ ಹುಸೇನ್ ನೆನಪಿರಲಿಲ್ಲ, ಮೂರನೆಯವನಿಗೆ ಜಗಲಿಯೇ ನೆನಪಿರಲಿಲ್ಲ. ಪಟೇಲರ ಎದುರು ನಿಲ್ಲಲು ಯಾರಿಗೂ ಧೈರ್ಯವಿಲ್ಲ ಎಂಬುದು ಮಾವನಿಗೆ ಅರ್ಥವಾಯಿತು. ನಾನು ಆ ಹೊತ್ತು ಶಾಲೆಯಲ್ಲಿದ್ದೆ, ಅತ್ತೆ ನಿದ್ದೆಯಲ್ಲಿದ್ದರು. ಉಳಿದದ್ದು ಮಾವ ಒಬ್ಬರೇ.

ವಿಚಾರಣೆಯ ದಿನ ಹುಸೇನನ ಹೆಂಡತಿ ಶಿರಾದಿಂದ ಬಂದಿದ್ದಳು. ಅವಳೊಬ್ಬಳೇ ನಿಂತಿರುವುದನ್ನು ನೋಡಿ ಅತ್ತೆಯೂ ನಾನೂ ಅವಳ ಜೊತೆ ಕಚೇರಿಯ ಕಿಟಕಿಯ ಹೊರಗೆ ನಿಂತೆವು. ಮಾವ ರುಮಾಲು ಸುತ್ತಿ, ಕೋಟು ಹಾಕಿ, ಕಂಕುಳಲ್ಲಿ ನೋಟುಬುಕ್ಕು ಇರುಕಿಕೊಂಡು ಬಂದರು. ಗುರುವಾರದ ತಾರೀಖು ಬರೆದ ಹಾಳೆ ತೆಗೆದು ಮ್ಯಾಜಿಸ್ಟ್ರೇಟರ ಮುಂದಿಟ್ಟರು. ಮ್ಯಾಜಿಸ್ಟ್ರೇಟರು ನಡುವಯಸ್ಸಿನ, ಮಾತು ಕಡಿಮೆಯ ಮನುಷ್ಯ. ಅದನ್ನು ಓದಿಕೊಂಡು, ಮಾವನನ್ನು ಮಾತು ಕೇಳಿಸದ ಕೋಣೆಯಲ್ಲಿ ಕಾಯಲು ಹೇಳಿದರು. ಆಮೇಲೆ ಹುಸೇನನ ಕಡೆ ತಿರುಗಿ, ಅಂದು ಜಗಲಿಯಲ್ಲಿ ಏನು ಕೇಳಿದೆ ಎಂದು ಪ್ರಶ್ನಿಸಿದರು. ಗುರುವಾರ ಸಂಜೆಯಿಂದ ಅವನು ಲಾಕಪ್ಪಿನಲ್ಲಿದ್ದಾನೆ. ಆ ಸುದ್ದಿ ಅವನಿಗೆ ಗೊತ್ತಿದ್ದರೆ, ಜಗಲಿಯಲ್ಲಿ ಕೇಳಿಯೇ ಗೊತ್ತಿರಬೇಕು.

ಹುಸೇನ್ ಕೈ ಮುಗಿದು ಹೇಳಿದ. "ಒಬ್ಬನ್ನ ಕರೆಂಟು ಕುರ್ಚಿ ಮೇಲೆ ಕೂರ್ಸೋರಿದ್ರು ಹುಜೂರ್. ಅವನ ಮುದುಕಿ ತಾಯಿ ಮಂಜಲ್ಲಿ ನಡ್ಕೊಂಡು ಗೌರ್ನರ್ ಸಾಹೇಬ್ರ ಬಾಗ್ಲಿಗೆ ಬಂದ್ಳು. ಸಾಹೇಬ್ರು ಮುದ್ದೆ ಮುರೀತಾ ಇದ್ರು. ಆಯಮ್ಮನ್ನ ನೋಡಿ ಎಂಜಲು ಕೈಯಲ್ಲೇ ಎದ್ದು, ಸಾಯ್ಸಬ್ಯಾಡಿ ಅಂತ ತಂತಿ ಕೊಟ್ರು."

ಕಚೇರಿ ನಕ್ಕಿತು. ಮ್ಯಾಜಿಸ್ಟ್ರೇಟರು ನಗಲಿಲ್ಲ. ನೋಟುಬುಕ್ಕಿನಲ್ಲಿ ಇದ್ದದ್ದು ಮೂರು ಸಾಲು: ಒಬ್ಬ ಅಪರಾಧಿಯ ಮರಣದಂಡನೆಯನ್ನು ಆ ಪ್ರಾಂತ್ಯದ ಗವರ್ನರು ಮುಂದೂಡಿದ್ದಾರೆ. ತಾಯಿಯಿಲ್ಲ, ಮಂಜಿಲ್ಲ, ಮುದ್ದೆಯಂತೂ ಇಲ್ಲವೇ ಇಲ್ಲ.

ಮಾವನನ್ನು ಒಳಗೆ ಕರೆದರು. ಅಂದು ಜಗಲಿಯಲ್ಲಿ ಏನು ಹೇಳಿದಿರಿ ಎಂದು ಕೇಳಿದಾಗ, ಪ್ರಮಾಣ ಮಾಡಿದ ಮನುಷ್ಯ, ಕೋರ್ಟಿನಲ್ಲಿ ಅಚ್ಚಾದದ್ದು ಬಿಟ್ಟು ಬೇರೆ ಹೇಳಬಾರದೆಂದು, ಆ ಮೂರು ಸಾಲನ್ನು ಅಕ್ಷರ ತಪ್ಪದೆ ಒಪ್ಪಿಸಿಬಿಟ್ಟರು! ಅಷ್ಟೇನಾ ಎಂದರು ಮ್ಯಾಜಿಸ್ಟ್ರೇಟರು. ಅಷ್ಟೇ ಎಂದರು ಮಾವ. ಕಿಟಕಿಯ ಹೊರಗೆ ಹುಸೇನನ ಹೆಂಡತಿ ನನ್ನ ಮುಂಗೈ ಹಿಡಿದುಕೊಂಡಳು.

"ಯಾರೋ ತಾಯಿ ಬಂದಿದ್ದಳಂತಲ್ಲ?" ಎಂದರು ಮ್ಯಾಜಿಸ್ಟ್ರೇಟರು.

ಮಾವ ಹುಸೇನನ ಕಡೆ ನೋಡಿದರು. ಆಮೇಲೆ ಕಚೇರಿಯಲ್ಲಿ ತುಂಬಿದ್ದ ಜನರ ಕಡೆ ನೋಡಿದರು. ಅವರಲ್ಲಿ ಬಹಳ ಜನ ವರ್ಷಗಟ್ಟಲೆ ಜಗಲಿಯಲ್ಲಿ ಕೂತು ಇವರ ಅಮೆರಿಕವನ್ನು ನಂಬಿದವರು. ಒಪ್ಪಿಕೊಂಡರೆ ಅಷ್ಟು ವರ್ಷದ್ದೂ ಹೋಯಿತು. ಒಪ್ಪಿಕೊಳ್ಳದಿದ್ದರೆ ಹುಸೇನ್ ಹೋದ.

"ಬಂದಿದ್ಲು ಸ್ವಾಮಿ," ಎಂದರು ಮಾವ ಮೆಲ್ಲಗೆ. "ಪೇಪರ್ನಾಗಿಲ್ಲ. ನಾನು ಸೇರಿಸ್ದೆ. ಮಂಜು, ಮುದ್ದೆ, ಎಲ್ಲಾ ನಂದೇ. ದಿನಾ ಸೇರಿಸ್ತೀನಿ."

"ಯಾಕೆ?"

"ಒಬ್ಬ ಮನುಷ್ಯ ಸಾಯ್ತಾನೋ ಬದುಕ್ತಾನೋ ಅನ್ನೋದ್ನ ಮೂರೇ ಸಾಲ್ನಾಗೆ ಹಾಕವ್ರೆ. ನಂಗೆ ಸಾಲ್ದು ಅನ್ನಿಸ್ತು."

ಮ್ಯಾಜಿಸ್ಟ್ರೇಟರು ಸ್ವಲ್ಪ ಹೊತ್ತು ಬರೆದರು. ಆ ತಾಯಿ ಇರುವುದು ಈ ಸಾಕ್ಷಿಯ ತಲೆಯಲ್ಲಿ ಮತ್ತು ಆ ಜಗಲಿಯಲ್ಲಿ ಕೂತವರ ಕಿವಿಯಲ್ಲಿ ಮಾತ್ರ; ಆದ್ದರಿಂದ ಆಪಾದಿತ ಆ ಹೊತ್ತು ಅಲ್ಲಿದ್ದ ಎಂದು ನಂಬಬೇಕಾಗಿದೆ ಎಂದು ಹೇಳಿ ಹುಸೇನನನ್ನು ಬಿಟ್ಟರು.

ಊರು ಮಾವನನ್ನು ಬಿಡಲಿಲ್ಲ. ಅಂಗಡಿಯ ಮುಂದೆ ಹೋಗುವವರು, ಗವರ್ನರು ಇವತ್ತು ಏನು ಉಂಡರು ಎಂದು ಕೇಳುತ್ತಿದ್ದರು. ಮಾವನ ಚಿಂತೆ ಬೇರೆ ಇತ್ತು. ಹುಸೇನ್ ಕಳ್ಳನಲ್ಲ ಎಂದು ಅಚ್ಚು ಹಾಕಿಸಬೇಕೆಂದು ಪತ್ರಿಕೆಗೆ ಕಾಗದ ಬರೆದರು. ಹಾಕಲಿಲ್ಲ. ಮತ್ತೆ ಬರೆದರು. ಮೂರನೆಯದಕ್ಕೂ ಉತ್ತರವಿಲ್ಲದಾಗ, ತೀರ್ಪಿನ ನಕಲು ತೆಗೆಸಿಕೊಂಡು, ಅತ್ತೆಯನ್ನೂ ನನ್ನನ್ನೂ ಹೊರಡಿಸಿಕೊಂಡು ಶಿರಾದ ಮೋಟಾರು ಹತ್ತಿದರು.

ಹುಸೇನನ ಬೀದಿಯಲ್ಲಿ ಅವನ ಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಬಿಡುಗಡೆಯಾಗಿ ತಿಂಗಳಾದರೂ ಒಂದು ಮನೆಯವರೂ ಪಾತ್ರೆ ಕೊಟ್ಟಿಲ್ಲವಂತೆ. ಮಾವ ಬೀದಿಯ ನಡುವೆ ನಿಂತು ತೀರ್ಪನ್ನು ಗಟ್ಟಿಯಾಗಿ ಓದಿದರು. ಜನ ಸೇರಿದರು. ಏನೂ ಸೇರಿಸದೆ, ಏನೂ ಬಿಡದೆ, ತಾರೀಖು ಮೊಹರುಗಳ ಸಮೇತ ಓದಿ ಮುಗಿಸಿದರು. ಆಮೇಲೆ ಎದುರುಮನೆಯ ಒಬ್ಬಾಕೆ ಒಳಗೆ ಹೋಗಿ, ಮಸಿ ಹಿಡಿದ ದೊಡ್ಡ ತಾಮ್ರದ ಹಂಡೆಯೊಂದನ್ನು ತಂದು ಹುಸೇನನ ಮುಂದಿಟ್ಟಳು.

ಹುಸೇನ್ ಕುಲುಮೆ ಹೂಡಿ ಕೂತ. ಕೆಂಡಕ್ಕೆ ಗಾಳಿ ಊದುವ ತಿದಿಯನ್ನು ಹಿಡಿದುಕೊಂಡ. ಎರಡು ಸಲ ಒತ್ತಿ, ಸುತ್ತ ನಿಂತ ಜನರನ್ನು ನೋಡಿ ಬಿಟ್ಟುಬಿಟ್ಟ. ಅವನ ಹೆಂಡತಿ ಮುಖ ಆಚೆ ತಿರುಗಿಸಿದಳು.

ನಮ್ಮ ಮಾವ ಕೋಟು ಬಿಚ್ಚಿ ಅತ್ತೆಯ ಕೈಗೆ ಕೊಟ್ಟರು. ಪಂಚೆ ಎತ್ತಿ ಕಟ್ಟಿ ಮಣ್ಣಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, "ಕೊಡಪ್ಪ ಇಲ್ಲಿ. ನೀನು ಪಾತ್ರೆ ನೋಡ್ಕೊ" ಎಂದು ತಿದಿಯನ್ನು ಕೈಗೆ ತೆಗೆದುಕೊಂಡರು. ಕೆಂಡ ಕೆಂಪಾಯಿತು. ಹುಸೇನ್ ಹಂಡೆಯೊಳಗೆ ಹತ್ತಿಯಿಂದ ತವರ ಒರೆಸುತ್ತ ಹೋದ. ಒಳಮೈ ಬೆಳ್ಳಗೆ ಹೊಳೆಯುತ್ತ ಬಂದಿತು. ಹಂಡೆ ಮುಗಿಯುವವರೆಗೂ ಮಾವ ತಿದಿ ಬಿಡಲಿಲ್ಲ.