ಮೂಲಿಗೊಂದು ಮದರ್‌ಬೋರ್ಡ್

ಮಾಳಮಡ್ಡಿಯ ಬಿಂದುಮಾಧವನಿಗೆ ಸ್ವಂತ ಮನೆ ಇತ್ತು, ಆದರೆ ಆ ಮನೆಯಲ್ಲಿ ಸ್ವಂತ ಜಾಗ ಇರಲಿಲ್ಲ. ಅಡುಗೆಮನೆ ಹೆಂಡತಿ ಸುಲಭಾಳದು. ಒಳಕೋಣೆ ಮಗಳು ಮಾನಸಿಯದು. ಟೀವಿ ಮುಂದಿನ ಕುರ್ಚಿ ಯಾರು ಮೊದಲು ಬಂದರೋ ಅವರದು, ಮತ್ತು ಬಿಂದುಮಾಧವ ಎಂದೂ ಮೊದಲು ಬಂದವನಲ್ಲ. ಉಳಿದದ್ದು ಪಡಸಾಲೆಯ ಕಿಟಕಿ ಪಕ್ಕದ ಒಂದು ಮೂಲೆ. ನಲವತ್ತೆಂಟು ವರ್ಷದ ಗಂಡಸು ಒಂದು ಮೂಲೆಗೆ ಆಸೆಪಟ್ಟರೆ ತಪ್ಪೇನು, ನೀವೇ ಹೇಳಿ.

ಆ ಮೂಲೆಯಲ್ಲಿ ಅವನು ತನ್ನ ಕೈಯಾರೆ ಒಂದು ಕಂಪ್ಯೂಟರ್ ಕಟ್ಟಬೇಕೆಂದಿದ್ದ. ಅಂಥಿಂಥದ್ದಲ್ಲ, ಓವರ್‌ಕ್ಲಾಕ್ ಮಾಡಿದ್ದು. ಅಂದರೆ ಕಂಪನಿಯವರು ಹಾಕಿಕೊಟ್ಟ ವೇಗವನ್ನು ದಾಟಿಸಿ ಇನ್ನೂ ಜೋರಾಗಿ ಓಡಿಸುವಂಥದ್ದು. ಅವನ ವಿಮಾ ಕಚೇರಿಯ ಕಂಪ್ಯೂಟರಿನಲ್ಲಿ ಮುಂಜಾನೆ ಒತ್ತಿದ ಅಕ್ಷರ ಚಹಾದ ಹೊತ್ತಿಗೆ ಮೂಡುತ್ತಿತ್ತು. ಬಾಳಿನಲ್ಲಿ ಒಂದಾದರೂ ಜೋರಾಗಿ ಓಡಲಿ ಎಂಬ ಹಂಬಲ ಪಾಪ ಅವನಿಗೆ. ಮೂರು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಒಂದೊಂದೇ ಸಾಮಾನು ಕೂಡಿಸಿದ್ದ. ಅವನ್ನೆಲ್ಲ ಒಂದಕ್ಕೊಂದು ಜೋಡಿಸುವ ಮದರ್‌ಬೋರ್ಡ್ ಒಂದೇ ಬಾಕಿ. ಅದಿಲ್ಲದೆ ಉಳಿದದ್ದೆಲ್ಲ ದಾರವಿಲ್ಲದ ಮಣಿ.

ಒಂದು ಶನಿವಾರ ಮುಂಜಾನೆ ಆ ಸಾಮಾನಿನ ಡಬ್ಬಿಗೆ ಸುಲಭಾಳ ಕಾಲಿನ ಕಿರುಬೆರಳು ಎಡವಿತು.

"ನೋಡ್ರಿ," ಅಂದಳು ಆಕೆ, ದನಿ ಏರಿಸದೆ. ಅದೇ ಹೆದರಿಕೆಯ ಮಾತು. "ಇವತ್ತ ಸಂಜಿ ದೀಪಾ ಹಚ್ಚೂದ್ರೊಳಗ ಇದು ಚಾಲೂ ಆಗಬೇಕು. ಆಗ್ಲಿಲ್ಲಂದ್ರ ಆ ಮೂಲ್ಯಾಗ ನನ್ನ ಹೊಲಿಗಿ ಮಶಿನ್ ಬರ್ತದ."

ಹೊರಗೆ ಒಂಬತ್ತನೆಯ ದಿನದ ಜಿಟಿಜಿಟಿ ಮಳೆ. ಬಿಂದುಮಾಧವ ಛತ್ರಿ ಹಿಡಿದು ಹೊರಟ. ಗೇಟಿನಲ್ಲೇ ಪಕ್ಕದ ಮನೆಯ ಉಡಚಪ್ಪ ಕಾಕಾ ಸಿಕ್ಕ. ಉಡಚಪ್ಪ ಕರೆಂಟಿನ ಖಾತೆಯಿಂದ ರಿಟೈರಾದವನು, ಊರ ಉಸಾಬರಿಯಿಂದ ಇನ್ನೂ ಆಗಿಲ್ಲ.

"ಎಲ್ಲಿಗಿ ಹೊಂಟೀರಿ ಬಿಂದಣ್ಣಾ?"

ಶಾಣ್ಯಾ ಮನುಷ್ಯನಾಗಿದ್ದರೆ ಹಲ್ಲು ಕೀಳಿಸಲಿಕ್ಕೆ ಅನ್ನುತ್ತಿದ್ದ. ಬಿಂದುಮಾಧವ ಖರೇ ಹೇಳಿದ.

"ಒಬ್ಬಾವನ ಹೊಕ್ಕೀರೇನು? ನಿಮಗ ಅಂಗಡ್ಯಾಂವ ಟೊಪಗಿ ಹಾಕ್ತಾನ. ಮೂವತ್ತೈದು ವರ್ಷ ಕಂಬಾ ಹತ್ತೀನಿ ನಾ, ಕರೆಂಟಿನ ಸಾಮಾನ ಮುಟ್ಟಿದ್ರ ಸಾಕು, ಛಲೋದೋ ಕೆಟ್ಟದ್ದೋ ಗೊತ್ತಾಗ್ತೈತಿ. ತಡೀರಿ, ಚಪ್ಪಲ್ ಹಾಕ್ಕೊಂಡ ಬರ್ತೀನಿ."

ಇಬ್ಬರೂ ಬಸ್ ಹಿಡಿದು ಮುಟ್ಟಿದ ಹುಬ್ಬಳ್ಳಿಯ ಇಮಾಮಹುಸೇನನ ಕಂಪ್ಯೂಟರ್ ಅಂಗಡಿಯಲ್ಲಿ ಮೂರು ಬೋರ್ಡುಗಳಿದ್ದವು. ಸಣ್ಣದು, ನಡುವಿನದು, ದೊಡ್ಡದು. ಬಿಂದುಮಾಧವ ಮೂರು ತಿಂಗಳಿಂದ ಕನಸಿನಲ್ಲಿ ಕಂಡದ್ದು ನಡುವಿನದನ್ನೇ. ವೇಗ ಏರಿಸಲಿಕ್ಕೂ ಬರುತ್ತದೆ, ಮಿತಿಯಲ್ಲೂ ಇರುತ್ತದೆ. ಇಮಾಮಹುಸೇನ ಡಬ್ಬಿ ಬಿಚ್ಚಿ, ಪ್ರೊಸೆಸರ್ ಕೂರುವ ಜಾಗದ ಮುಚ್ಚಳ ತೆಗೆದ.

"ಇದರಾಗ ಕೂದಲಿನಂಥಾ ಪಿನ್ ಅದಾವ್ರಿ ಸರ, ಇವನ್ನ ಮಾತ್ರ..."

ಅವನ ಮಾತು ಮುಗಿಯಲಿಲ್ಲ. ಉಡಚಪ್ಪ ತನ್ನ ಜನ್ಮದಲ್ಲಿ ತುದಿ ಮುರಿದು ನೋಡದೆ ಬೆಂಡಿಕಾಯಿ ಕೊಂಡವನಲ್ಲ, ಕಿವಿ ಹತ್ತಿರ ಅಲ್ಲಾಡಿಸದೆ ತೆಂಗಿನಕಾಯಿ ಕೊಂಡವನಲ್ಲ. ಹೆಬ್ಬೆರಳು ಚಾಚಿ, ಆ ಪಿನ್ನುಗಳ ಮೇಲೆ ಗಟ್ಟಿಯಾಗಿ ಒತ್ತಿ, ಒಮ್ಮೆ ಉಜ್ಜಿದ.

"ಮೆತ್ತಗೈತಿ," ಅಂತ ವರದಿ ಕೊಟ್ಟ.

ಇಮಾಮಹುಸೇನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಕಾಕಾ, ಇದು ಬೆಂಡಿಕಾಯಿ ಅಲ್ರಿ." ಅದಕ್ಕಿಂತ ಹೆಚ್ಚು ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಹಿಂದೊಮ್ಮೆ ರಮಜಾನಿನ ದಿನ ಅವನ ಓಣಿಯ ಕರೆಂಟು ಹೋದಾಗ, ಸೂಟಿಯಿದ್ದರೂ ಬಂದು ಕಂಬ ಹತ್ತಿದವನು ಇದೇ ಉಡಚಪ್ಪ. ಬೋರ್ಡನ್ನು ಮೆಲ್ಲಗೆ ಸುತ್ತಿ ಒಳಗಿಟ್ಟ. "ರಿಪೇರಿ ಮಾಡಸ್ತೀನಿ ಬಿಡ್ರಿ. ಆದ್ರ ಒಂದ್ ವಾರ ಬೇಕು. ಅದೊಂದ ಪೀಸ್ ಇತ್ತು."

ವಾರ ಎಲ್ಲಿಂದ ತರುವುದು? ದೀಪಾ ಹಚ್ಚಲಿಕ್ಕೆ ಏಳು ತಾಸು ಉಳಿದಿತ್ತು. ಬಿಂದುಮಾಧವನಿಗೆ ಅಳುವೇ ಬಂದಿತ್ತು, ಆದರೆ ಪರವೂರಿನ ಅಂಗಡಿಯಲ್ಲಿ ಹೇಗೆ ಅಳುವುದೆಂದು ಸುಮ್ಮನಾದ.

"ಈ ಸಣ್ಣದ್ದು ಹೆಂಗ್ರಿ?"

"ಇದು ಹೆಂಗ ಬಂದೈತಿ ಹಂಗ ಓಡತೈತಿ ಸರ. ವೇಗಾ ಏರಸಾಕ ಬರಂಗಿಲ್ಲ."

"ಆ ದೊಡ್ಡದ್ದು?"

"ಅದನ್ನ ಎಷ್ಟ ಏರಿಸಿದ್ರೂ ತಡೀತೈತಿ. ಆದ್ರ ಏರಿಸಿದಷ್ಟೂ ನಿಮ್ಮ ಪ್ರೊಸೆಸರ್ ಕಾವು ಉಗುಳತೈತಿ. ಹಿಂದಿನ ಫ್ಯಾನಿಂದ ಒಲಿ ಮುಂದ ಕುಂತಂಗ ಬಿಸಿಗಾಳಿ ಬರತೈತ್ರಿ. ಮನ್ಯಾಗ ಒಂದ ಮಾತ ಕೇಳಿ ತಗೋರಿ."

ಕೇಳುವುದೇನು ಬಂತು. ಸೆಕೆ ಅಂದರೆ ಸುಲಭಾ ಸಿಡಿಮಿಡಿ ಅನ್ನುವವಳು. ಬಿಂದುಮಾಧವ ನಿಟ್ಟುಸಿರು ಬಿಟ್ಟು ಸಣ್ಣದಕ್ಕೆ ಕೈ ಹಾಕಿದ. ಇರಲಿ, ಓಡದಿದ್ದರೂ ನಡೆಯಲಿ, ಮೂಲೆಯಾದರೂ ಉಳಿಯಲಿ.

ಅಷ್ಟರಲ್ಲಿ ಅಂಗಡಿಯ ಮೆಟ್ಟಿಲಿನ ಮೇಲಿಂದ ಉಡಚಪ್ಪನ ದನಿ ಕೇಳಿಸಿತು. ಫೋನು ಕಿವಿಗಿತ್ತು.

"ಹೂಂರಿ ವೈನಿ, ನಾ ಅಂತ ಹೇಳಬ್ಯಾಡ್ರಿ ಮತ್ತ. ಇಲ್ಲೊಂದು ದೊಡ್ಡ ಬೋರ್ಡ್ ಐತಿ, ಅದನ್ನ ಹಾಕಿದ್ರ ಪಡಸಾಲ್ಯಾಗ ಒಲಿ ಹೂಡಿದಂಗ. ಇವ್ರ ಕಣ್ಣು ಅದರ ಮ್ಯಾಲ ಐತಿ. ತಡೀರಿ, ಕೊಡ್ತೀನಿ."

ಬಿಂದುಮಾಧವ ಹೆದರುತ್ತಲೇ ಫೋನು ತೆಗೆದುಕೊಂಡ. ಆ ಕಡೆ ಸುಲಭಾ.

"ಖರೇನ ಅಷ್ಟು ಬಿಸಿಗಾಳಿ ಬರ್ತದೇನ್ರಿ ಅದ್ರಿಂದ?"

"ಇಲ್ಲಾ, ಇಲ್ಲಾ, ನಾ ಸಣ್ಣದ ತರ್ಲಿಕತ್ತೇನಿ."

"ಸಣ್ಣದ್ಯಾಕ? ದೊಡ್ಡದ ತರ್ರಿ. ಇಷ್ಟ ದಿನಾ ಆಶಾಪಟ್ಟೀರಿ. ಲಗೂ ಬರ್ರಿ ಅಷ್ಟ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಂಥ ಮಾತು ಅವನು ಕೇಳಿರಲಿಲ್ಲ. ಕಣ್ಣು ಒದ್ದೆಯಾದವು. ಉಡಚಪ್ಪನೂ ಬೆರಗಾಗಿ, "ಪುಣ್ಯಾ ಮಾಡೀರಿ ಬಿಂದಣ್ಣಾ," ಅಂದ. ಬಸ್ ಹತ್ತುವ ಮುಂಚೆ ಬಿಂದುಮಾಧವ ಸುಲಭಾಳಿಗೆ ಒಂದು ಮೊಳ ಮಲ್ಲಿಗೆ ಕೊಂಡ. ಮನೆ ಮುಟ್ಟುವತನಕ ಛತ್ರಿಯನ್ನು ಡಬ್ಬಿಗೆ ಹಿಡಿದು ತಾನು ತೊಯ್ಸಿಕೊಂಡ.

ಜೋಡಣೆ ಸುಸೂತ್ರವಾಗಿಯೇನೂ ನಡೆಯಲಿಲ್ಲ. ಸ್ಕ್ರೂ ಹಿಡಿದು ಕೂತ ಉಡಚಪ್ಪ, ಕೊನೆಗೆ ಒಂದು ಉಳಿದಾಗ, "ಒಂದಾದ್ರೂ ಉಳೀಬೇಕು, ಅಂದ್ರನ ಕೆಲಸ ಛಲೋ ಆಗೈತಿ ಅಂತ ಅರ್ಥ," ಅಂದ. ಸುಲಭಾ ಕಡ್ಡಿಪೆಟ್ಟಿಗೆ ಹಿಡಿದು ದೇವರ ಮುಂದೆ ನಿಂತಾಗ ಬಿಂದುಮಾಧವ ಗುಂಡಿ ಒತ್ತಿದ. ಫ್ಯಾನು ಗುಂಯ್ ಅಂದವು. ಪರದೆ ಬೆಳಗಿತು. ಅವನು ವೇಗ ಏರಿಸಿ, ಯಂತ್ರಕ್ಕೆ ಶಕ್ತಿ ಎಷ್ಟಿದೆ ಎಂದು ನೋಡುವ ಪರೀಕ್ಷೆಗೆ ಹಚ್ಚಿದ. ಮೂಲೆ ಅವನದಾಯಿತು.

ಸುಲಭಾ ಬಂದು ಕಂಪ್ಯೂಟರ್ ಡಬ್ಬಿಯ ಹಿಂದೆ ಅಂಗೈ ಹಿಡಿದಳು, ರೊಟ್ಟಿ ಹಂಚು ಕಾದಿದೆಯೋ ಎಂದು ನೋಡುವ ಹಾಗೆ.

"ಇನ್ನಷ್ಟು ಏರಸ್ಲಿಕ್ಕೆ ಬರ್ತದೇನ್ರಿ?"

ಹೆಂಡತಿಯೇ ವೇಗ ಕೇಳುತ್ತಿದ್ದಾಳೆ! ಬಿಂದುಮಾಧವ ಉಬ್ಬಿಹೋದ. ಏರಿಸಿದ.

"ಇನ್ನೊಂಚೂರು."

ಇನ್ನೊಂಚೂರು ಏರಿಸಿದ. ಮೂಲೆಯೆಲ್ಲ ಬೆಚ್ಚಗಾಯಿತು.

"ಹಾಂ, ಸಾಕು," ಅಂದವಳೇ ಸುಲಭಾ ಕಿಟಕಿಯಿಂದ ಎದುರುಮನೆಗೆ ಕೂಗಿದಳು. "ರಾಜಬೀ, ತಗೊಂಡ ಬರ್ರಿ. ಕಾದದ."

ಎದುರುಮನೆಯ ರಾಜಬಿ ಒದ್ದೆ ಬಟ್ಟೆಯ ಬಕೀಟು ಹಿಡಿದು ಬಂದಳು. ಅವಳ ಮಗಳು ಯಾಸ್ಮಿನ ಹಡೆದು ಹದಿನೈದು ದಿನ. ಬಿಸಿಲಿಲ್ಲದೆ ಕೂಸಿನ ಅರಿವಿ ಒಂದೂ ಒಣಗಿರಲಿಲ್ಲ. ಹಿಂದೆಯೇ ಉಡಚಪ್ಪನ ಹೆಂಡತಿ ಎರಡು ಒದ್ದೆ ಧೋತರ ಹೊತ್ತು ಬಂದಳು. ಮಾನಸಿ ಕಿಟಕಿಯ ಸರಳಿನಿಂದ ಬಾಗಿಲ ಮೊಳೆಗೆ ಹಗ್ಗ ಕಟ್ಟಿದಳು. ನೋಡನೋಡುತ್ತ ಮೂಲೆಯ ತುಂಬ ಅರಿವಿ ತೂಗಾಡಿದವು. ಬಿಂದುಮಾಧವ ಧೋತರದ ಕೆಳಗೆ ನುಸುಳಿ ಕುರ್ಚಿ ಮುಟ್ಟಿದರೆ ಅದರ ಮೇಲೆ ಬಕೀಟು ಕೂತಿತ್ತು.

"ಇದು ಹಿಂಗ ಬಿಸಿ ಇರಬೇಕಂದ್ರ ಏನ್ ಮಾಡಬೇಕ್ರಿ?" ಸುಲಭಾ ಕೇಳಿದಳು.

"ಈ ಪರೀಕ್ಷಾ ನಡದಿರಬೇಕು," ಎಂದ ಆ ಸತ್ಯವಂತ. "ಇದು ನಡದಾಗ ಬ್ಯಾರೆ ಏನೂ ಮಾಡ್ಲಿಕ್ಕೆ ಬರೂದಿಲ್ಲ."

"ಹಂಗಾರ ನೀವು ಮುಟ್ಟಬ್ಯಾಡ್ರಿ."

"ಕೂಸಿಗೆ ಭಾಳ ಉಪಕಾರ ಆತ್ರಿ ಅಣ್ಣಾರ," ಅಂದಳು ರಾಜಬಿ. ಬಿಂದುಮಾಧವ ಹೊರಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ಎಂದೂ ಆಕಾಶ ನೋಡದವನು ಅಂದು ಕೈಮುಗಿದು, ಸೂರ್ಯನಾರಾಯಣಾ, ನಾಳೆ ಒಂದಿನಾ ಬಾರಪ್ಪಾ ಅಂತ ಬೇಡಿಕೊಂಡ.

ದೇವರು ಕೇಳಿದ. ರವಿವಾರ ಮುಂಜಾನೆ ಬಿಸಿಲೆಂದರೆ ಬಿಸಿಲು. ಎಂಟರೊಳಗೆ ಅರಿವಿಗಳೆಲ್ಲ ಮಾಳಿಗೆ ಹತ್ತಿದವು, ಹಗ್ಗ ಬಿಚ್ಚಿತು. ಬಿಂದುಮಾಧವ ಜಳಕ ಮಾಡಿ, ಕುರ್ಚಿ ಎಳೆದು, ತನ್ನ ಮೂಲೆಯಲ್ಲಿ ಮೊಟ್ಟಮೊದಲ ಸಲ ಕೂತ. ತನ್ನ ಹೆಸರು ಒತ್ತಿದ. ಬೆರಳು ಎತ್ತುವುದರೊಳಗೆ ಅಕ್ಷರ ಮೂಡಿತು. ಸುಖವಾಯಿತು.

ಆಗ ಹಿಂದಿನಿಂದ ಬಂದ ಸುಲಭಾ ಗೋಡೆಯ ಸ್ವಿಚ್ ಆರಿಸಿದಳು.

"ಬಿಸಲು ಬಿದ್ದದಲ್ರಿ, ಇನ್ನ ಯಾಕ ಸುಮ್ನ ಉರಸೋದು? ಅಟ್ಟದ ಮ್ಯಾಲ ಇಡ್ರಿ. ಮತ್ತ ಮಳಿ ಹತ್ತಿದ್ರ ಇಳಸೋಣಂತ."

ಬಾಗಿಲಲ್ಲಿ ಉಡಚಪ್ಪ ಹೊಲಿಗೆ ಮಶಿನ್ನಿನ ಒಂದು ಕಡೆ ಹಿಡಿದುಕೊಂಡು ನಿಂತಿದ್ದ.

"ಆ ಕಡೆ ನೀವು ಹಿಡೀರಿ ಬಿಂದಣ್ಣಾ," ಅಂದ.